ಮೂರನೇ ನೀರು

ಕಕ್ಕಡ ಹದಿನೆಂಟು ಕಳೆದ ಮಾರನೇ ದಿನ
ವಿರಾಜಪೇಟೆಯ ನನ್ನ ಪೇಂಟ್ ಅಂಗಡಿಯ ಕೌಂಟರಿನ ಮೇಲೆ
ಚೋಂದಮ್ಮ ಟೀಚರ್ ಒಂದು ಉಪ್ಪಿನಕಾಯಿ ಬಾಟಲಿ ಇಟ್ಟರು.
ಒಳಗೆ ನೀರು.
'ನೋಡು ಮೊಯ್ದು, ಈ ಬಣ್ಣ ಬೇಕು.'

ಟ್ಯೂಬ್‌ಲೈಟಿಗೆ ಎತ್ತಿ ಹಿಡಿದೆ.
ಮದ್ದುಸೊಪ್ಪು ಬೇಯಿಸಿದ ಪಾತ್ರೆ ತೊಳೆದದ್ದಂತೆ.
ಮೊದಲ ನೀರು ಮಸಿ,
ಎರಡನೆಯದು ನೇರಳೆ ಹಣ್ಣು ತಿಂದ ನಾಲಗೆ,
ಇದು ಮೂರನೆಯದು;
ಚೆಲ್ಲಲು ಬಗ್ಗಿದವರು ಹಾಗೇ ನಿಂತುಬಿಟ್ಟರಂತೆ.

ಶೇಡ್ ಕಾರ್ಡ್ ಬಿಡಿಸಿದೆ.
ಲೈಲಾಕ್ ಮಿಸ್ಟ್. ಲ್ಯಾವೆಂಡರ್ ಡ್ರೀಮ್.
'ಮಿಸ್ಟ್ ಅಂದರೆ ಮಂಜಲ್ಲವೇನೋ?
ಕೊಡಗಿನವರಿಗೇ ಮಂಜು ಮಾರುತ್ತಾರಾ ಕಂಪನಿಯವರು?'
ನಕ್ಕರು. ನಾನೂ ನಕ್ಕೆ.
ಯಾವ ದೇಶದ ಹೂಗಳೋ ಅವು,
ಸೋಪಿನ ಹೊದಿಕೆ ಬಿಟ್ಟರೆ
ನಾವಿಬ್ಬರೂ ಎಲ್ಲೂ ಮೂಸಿದವರಲ್ಲ.

ನಮ್ಮಲ್ಲಿ ಇದಕ್ಕೆ ಏನೆನ್ನುತ್ತಾರೆ?
ಸೀರೆ ಅಂಗಡಿಯವರಿಗೆ ಇದು ಈರುಳ್ಳಿ ಸಿಪ್ಪೆ.
ನನ್ನ ಉಮ್ಮ ಪಾರಿವಾಳದ ಕತ್ತು ಎನ್ನುತ್ತಿದ್ದಳು.
ಬಾಳೆಹೂವಿನ ಒಳಗಿನ ಎಸಳು,
ಗೆಣಸು ತೊಳೆದ ಬೆರಳು,
ಮಳೆಗೆ ಸಿಕ್ಕ ರಬ್ಬರ್ ಸ್ಟಾಂಪಿನ ಅಂಚು,
ಎಲ್ಲವೂ ಹತ್ತಿರ ಬಂದು ಕೂರುತ್ತವೆ,
ಯಾವುದೂ ಅದಲ್ಲ.

'ಮೂವತ್ತೊಂದು ವರ್ಷ ಪದ್ಯ ಪಾಠ ಮಾಡಿದೆ.
ಕೆಂದಾವರೆ ಇತ್ತು, ಕಾರ್ಮುಗಿಲು ಇತ್ತು,
ಬೆಳ್ದಿಂಗಳಂತೂ ಸೇರುಗಟ್ಟಲೆ.
ಇದನ್ನು ಮಾತ್ರ ಕವಿಗಳು ಸಂಜೆಯ ಕೊನೇ ಸಾಲಿಗೆ ಒರೆಸಿ
ಬೇಗ ಬೇಗ ಕತ್ತಲೆಗೆ ಹೋಗಿಬಿಟ್ಟರು.
ಇದನ್ನು ಉಟ್ಟು ಯಾವ ನಾಯಕಿಯೂ ಯಾರಿಗೂ ಕಾಯಲಿಲ್ಲ.'

ಎಂಟನೇ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ನಸು ಎಂದು ಬರೆದು,
ಕೂಡಿಸು ಗುರುತು ಹಾಕಿ, ಕೆಂಪು ಎಂದು ಬರೆದು,
ಏನಾಯಿತು ಎಂದು ಕೇಳಿದ್ದರು ಇವರೇ.
ಹಿಂದಿನ ಬೆಂಚಿನಿಂದ ಎದ್ದೆ:
ನಸುಗೆಂಪು ಟೀಚರ್. ಕ ಹೋಗಿ ಗ ಬಂತು. ಆದೇಶ ಸಂಧಿ.
'ಯಾಕೆ?'
ಅದು ಗೈಡಿನಲ್ಲಿ ಇರಲಿಲ್ಲ.
'ನಸು ಪಕ್ಕಕ್ಕೆ ಬಂದು ಕೂತರೆ
ಕೆಂಪಿಗೂ ಗಂಟಲು ಮೆತ್ತಗಾಗುತ್ತದೆ' ಎಂದು
ಚಾಕ್‌ಪೀಸ್ ಕೆಳಗಿಟ್ಟಿದ್ದರು.

'ಮದುವೆಗೆ ಕೆಂಪು, ಸಾವಿಗೆ ಬಿಳಿ,
ನಮ್ಮವರಲ್ಲಿ ಹೆಂಗಸಿಗೆ ಎರಡೇ ದೊಡ್ಡ ಬಣ್ಣ,'
ಈಗ ಹೇಳಿದರು, ಚಿಲ್ಲರೆ ಎಣಿಸುವ ದನಿಯಲ್ಲಿ.
'ಕೆಂಪು ನಾನು ಉಡಲಿಲ್ಲ.
ಹಾಗಾಗಿ ಗಂಡ ಸತ್ತ ಬಿಳಿಯ ಸರದಿಯೂ ಬರಲಿಲ್ಲ.
ಮುಖ ಹಾಗೆ ಮಾಡಬೇಡ ಮಾರಾಯ,
ನಡುವಿನ ದಾರಿಯಲ್ಲಿ ಚೆನ್ನಾಗಿಯೇ ನಡೆದಿದ್ದೇನೆ,
ಬಸ್ಸಿಗೂ ಕಾಯದೆ.'

ಯಂತ್ರದಲ್ಲಿ ಇದಕ್ಕೆ ನಂಬರ್ ಇಲ್ಲ.
ಕೈಯಲ್ಲೇ ಕಲಸಿದೆ.
ಬಿಳಿಗೆ ಎರಡು ಹನಿ ನೇರಳೆ: ಮಕ್ಕಳ ಐಸ್‌ಕ್ರೀಮ್.
ಇನ್ನಷ್ಟು ಬಿಳಿ: ಅಂಗನವಾಡಿಯ ಗೋಡೆ.
ಮತ್ತೂ ಬಿಳಿ: ಏನೂ ಇಲ್ಲ.
ಆಗ ನೆನಪಾದದ್ದು
ಬೋರ್ಡ್ ಬರೆಯುತ್ತಿದ್ದ ಕುಂಞಾಲಿ ಕಾಕನ ಮಾತು.
ಬಣ್ಣ ತಿಳಿಯಾಗಲು ಬಿಳಿ ಸುರಿದರೆ ಸಾಲದು ಮೋನೇ,
ಒಂದಿಷ್ಟು ಕಪ್ಪು ಬೇಕು,
ಸೂಜಿಮೊನೆಯಷ್ಟು.
ಬಿಟ್ಟೆ. ಕಲಕಿದೆ.
ಡಬ್ಬಿಯೊಳಗೆ ಯಾರೋ
ಹೊರೆ ಇಳಿಸಿ ಕೂತ ಹಾಗಾಯಿತು.
ಟೀಚರ್ ಬಾಟಲಿಯನ್ನು ಪಕ್ಕದಲ್ಲಿ ಹಿಡಿದರು,
ಮಾತಾಡಲಿಲ್ಲ.

'ಎಷ್ಟು ಗೋಡೆ?' ಎಂದೆ ಸ್ವಲ್ಪ ಹೊತ್ತು ಬಿಟ್ಟು.
'ಗೋಡೆ ಎಲ್ಲಿ! ಪುಸ್ತಕದ ಬೀರುವಿನ ಒಳಮೈ.
ಬಾಗಿಲು ತೆರೆದವರಿಗೆ ಕಂಡರೆ ಸಾಕು.'

ತಿಳಿ ನೇರಳೆ, ಒಂದು ಲೀಟರ್, ಎಂದು ಬಿಲ್ ಬರೆದೆ.
ಪೆನ್ನು ಕಸಿದು ನೇರಳೆಯ ಮೇಲೆ ಗೆರೆ ಎಳೆದರು.
ತಿಳಿ, ಒಂದು ಲೀಟರ್.
ಬಣ್ಣವೋ, ನನಗೆ ಹೇಳಿದ್ದೋ,
ಕೇಳಲು ಈಗಲೂ ಹಿಂದಿನ ಬೆಂಚಿನ ಭಯ.

ಕೊಡೆ ಬಿಡಿಸಿ ಗಡಿಯಾರ ಗೋಪುರದ ಕಡೆ ಇಳಿದು ಹೋದರು.
ಬಾಟಲಿ ಇಲ್ಲೇ ಇದೆ.
ಬ್ರಷ್ ನೆನೆಸಲು ಆಗುತ್ತದೆ ಎನ್ನುತ್ತಾನೆ ಕೆಲಸದ ಹುಡುಗ.
ಒಣಗಿದ ಮೇಲೆ ಬಣ್ಣ ಒಂದು ಪಾಲು ಗಾಢವಾಗುತ್ತದೆ,
ಅದನ್ನು ಅವರಿಗೆ ಹೇಳಬೇಕಿತ್ತು,
ಮರೆತೆ.